ಸಿಲ್ವರ್ ಹಲಗೆಯ ಬಣ್ಣ, ಬಾಯ್ಲರಿನ ಸೌದೆ: ಹಾಸನದ ಒಂದು ಸೀಸನಿಂಗ್ ಚೇಂಬರ್‌ನ ಪ್ರಕರಣ

ಸಿಲ್ವರ್ ಓಕ್ ಹಲಗೆ ನೋಡಲು ಚೆನ್ನಾಗಿಯೇ ಇತ್ತು. ತಿಳಿ ಗುಲಾಬಿ ಮೈ, ಮೇಲೆ ಬೆಳ್ಳಿ ಚೂರು ಚೆಲ್ಲಿದ ಹಾಗೆ ಹೊಳೆಯುವ ಚುಕ್ಕೆಗಳು. ಆಚಾರ್ರು ಅದನ್ನು ಬೆಂಚಿಗೆ ಬಿಗಿದು ಹತ್ತರಿ ಎಳೆದರು. ಮೊದಲ ಸುರುಳಿ ತೆಳ್ಳಗೆ, ಬೆಳ್ಳಗೆ ಬಂತು. ಎರಡನೆಯದಕ್ಕೆ ಕೆಳಗಿನ ಮರ ಮಂಕಾಯಿತು. ಮೂರನೆಯದು ಎದ್ದಾಗ ಇಡೀ ಹಲಗೆ ಒದ್ದೆ ಸಿಮೆಂಟಿನ ಬಣ್ಣದಲ್ಲಿತ್ತು. ಒಂದೂವರೆ ಅಡಿಗೊಂದರಂತೆ ಅಡ್ಡಡ್ಡಲಾಗಿ ಇನ್ನೂ ಕಪ್ಪಾದ ಪಟ್ಟೆಗಳು. ಗಾಳಿಯಾಡಲೆಂದು ಹಲಗೆಗಳ ನಡುವೆ ಅಡ್ಡಲಾಗಿ ಇಡುವ ಮರದ ಪಟ್ಟಿ, ಅಂದರೆ ರೀಪರ್, ಕೂತಿದ್ದ ಜಾಗ ಅದು.

"ನೋಡಿ ಸಾರ್, ಹಿಂಗೆ ಒಂದು ಲೋಡಲ್ಲಿ ಮೂರರಲ್ಲಿ ಒಂದು ವಾಪಸ್ ಬಂದೈತೆ," ಅಂದರು ಮಿಲ್ಲಿನ ಗೌಡರು. "ಅದಿರ್ಲಿ, ನಿಮ್ಮನ್ನ ಕರೆಸಿದ್ದು ಸೌದೆ ವಿಚಾರಕ್ಕೆ."

ನಾನು ಹೋಗಿದ್ದೂ ಸೌದೆ ವಿಚಾರಕ್ಕೇ. ಬಾಯ್ಲರ್, ಬಿಸಿನೀರಿನ ಲೈನು, ಮೋಟಾರುಗಳ ಖರ್ಚು ನೋಡಿ ಎಲ್ಲಿ ಸೋರುತ್ತಿದೆ ಎಂದು ಹೇಳುವುದು ನನ್ನ ಕಸುಬು. ಬಣ್ಣದ ತಕರಾರು ಬೇರೆ, ಸೌದೆಯ ಖರ್ಚು ಬೇರೆ ಎಂದು ಗೌಡರು ನಂಬಿದ್ದರು. ಮೊದಲ ದಿನ ನಾನೂ ಹಾಗೇ ಅಂದುಕೊಂಡೆ. ಮೂರನೇ ಬಾರಿ ಹೋಗುವಷ್ಟರಲ್ಲಿ ಎರಡೂ ಒಂದೇ ತಪ್ಪಿನ ಎರಡು ಬಿಲ್ಲು ಎನ್ನುವುದು ಸ್ಪಷ್ಟವಾಗಿತ್ತು. ಒಣಗುವ ಹಲಗೆಗೆ ಗಾಳಿ ಬೇಕಾದ ಹೊತ್ತಿನಲ್ಲಿ ಇವರು ಶಾಖ ಕೊಡುತ್ತಿದ್ದರು, ಗಾಳಿ ಬೇಡವಾದ ಮೇಲೆ ಹಗಲೂ ರಾತ್ರಿ ಗಾಳಿ ಬೀಸುತ್ತಿದ್ದರು.

ಮಿಲ್ಲು, ಮರ, ಗಿರಾಕಿ

ಹಾಸನದ ಹೊರವಲಯದಲ್ಲಿ ಒಂದು ಸಾಮಿಲ್ಲು, ಅದರ ಹಿಂದೆ ಇಟ್ಟಿಗೆ ಗೋಡೆಯ ಒಂದೇ ಒಂದು ಒಣಗಿಸುವ ಕೋಣೆ. ಪುಸ್ತಕದಲ್ಲಿ ಕಿಲ್ನ್ ಅನ್ನುತ್ತಾರೆ, ಇಲ್ಲಿ ಎಲ್ಲರ ಬಾಯಲ್ಲೂ ಚೇಂಬರ್. ಒಂದು ಸಲಕ್ಕೆ 350 ಘನ ಅಡಿ, ಅಂದರೆ ಸುಮಾರು 10 ಘನಮೀಟರ್ ಹಲಗೆ ಹಿಡಿಯುತ್ತದೆ. ಸೌದೆ ಉರಿಸುವ ಬಿಸಿನೀರಿನ ಬಾಯ್ಲರ್, ಒಳಗೆ ರೇಡಿಯೇಟರ್, ಛಾವಣಿಯ ಕೆಳಗೆ 3 ಎಚ್‌ಪಿಯ ಮೂರು ಫ್ಯಾನು. ಒಂದು ಬ್ಯಾಚು 12 ದಿನ.

ಮರವೆಲ್ಲ ಸಕಲೇಶಪುರ ಕಡೆಯ ಕಾಫಿ ತೋಟಗಳ ಸಿಲ್ವರ್ ಓಕ್. ಹೆಸರಲ್ಲಿ ಓಕ್ ಇದ್ದರೂ ಇದು ಓಕ್ ಜಾತಿಯದಲ್ಲ. ಆಸ್ಟ್ರೇಲಿಯಾದ ಪೂರ್ವ ಕರಾವಳಿಯಿಂದ ಬಂದು ನಮ್ಮ ಕಾಫಿ ಗಿಡಕ್ಕೆ ನೆರಳಾಗಿ, ಮೆಣಸಿನ ಬಳ್ಳಿಗೆ ಆಸರೆಯಾಗಿ ನಿಂತ ಮರ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ವಿನಾಯಿತಿ ಪಟ್ಟಿಯಲ್ಲಿರುವುದರಿಂದ ಬೀಟೆ, ಹೊನ್ನೆಯ ಹಾಗೆ ಇದನ್ನು ಕಡಿಯಲು ಅಲೆದಾಟವಿಲ್ಲ. ಇಲ್ಲಿನವರು ಇದನ್ನು ಪ್ಲೈವುಡ್ಡಿಗೂ ಪ್ಯಾಕಿಂಗ್ ಪೆಟ್ಟಿಗೆಗೂ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ. ದಿಮ್ಮಿಯ ತಿರುಳಿನಿಂದ ಹೊರಕ್ಕೆ, ಸೈಕಲ್ ಚಕ್ರದ ಕಡ್ಡಿಗಳ ಹಾಗೆ ಅಗಲವಾದ ಕಿರಣರೇಖೆಗಳು ಈ ಮರದಲ್ಲಿವೆ. ಆ ರೇಖೆಗಳ ಉದ್ದಕ್ಕೇ ಗರಗಸ ಹಾಯಿಸಿದರೆ ಹಲಗೆಯ ಮೈಮೇಲೆ ಲೇಸು ಹೆಣೆದಂತೆ ಚಿತ್ತಾರ ಏಳುತ್ತದೆ. ಗೌಡರ ತಮ್ಮ ಇದನ್ನು ಗುರುತಿಸಿ ಬೆಂಗಳೂರಿನ ಒಬ್ಬ ಇಂಟೀರಿಯರ್ ಗಿರಾಕಿಯನ್ನು ಹಿಡಿದಿದ್ದರು. ಗಿರಾಕಿಯ ಷರತ್ತು ಎರಡು: ತೇವಾಂಶ ಶೇ 12, ಬಣ್ಣ ತಿಳಿಯಾಗಿ ಒಂದೇ ಸಮ. ಪ್ಯಾಕಿಂಗ್ ಪೆಟ್ಟಿಗೆಗೆ ಬೂದಿಯಾದರೇನು, ನೀಲಿಯಾದರೇನು, ಯಾರೂ ಕೇಳುವುದಿಲ್ಲ. ಪ್ಯಾನೆಲ್ಲಿಗೆ ಬಣ್ಣವೇ ಬೆಲೆ.

(ಈ ಮರ ಕೊಯ್ಯುವವರ ಮುಂಗೈ ನೋಡಿದರೆ ತಿಳಿಯುತ್ತದೆ, ಹಸಿ ಸಿಲ್ವರ್‌ನ ರಸ ಕೆಲವರಿಗೆ ಕೆಂಪಗೆ ಗಂದೆ ಏಳಿಸುತ್ತದೆ. ಗರಗಸದ ಹುಡುಗ ಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಹಾಕಿಕೊಂಡೇ ಕೆಲಸ ಮಾಡುತ್ತಿದ್ದ.)

ಮೊದಲ ದಿನ ಕಂಡದ್ದು

ಜುಲೈ ತಿಂಗಳು, ಹೊರಗೆ ಸೋನೆ. ಚೇಂಬರ್‌ನ ಮೇಲಿನ ಕಿಂಡಿಗಳು ಪೂರ್ತಿ ತೆರೆದು ಬಿಸಿ ಹಬೆ ಆಕಾಶಕ್ಕೆ ಹೋಗುತ್ತಿತ್ತು. ಒಳಗೆ ಬ್ಯಾಚು ಹಾಕಿ ಎರಡನೇ ದಿನ. ನಿಯಂತ್ರಣ ಪೆಟ್ಟಿಗೆಯಲ್ಲಿ ಒಣ ಥರ್ಮಾಮೀಟರ್ 50 ಡಿಗ್ರಿ, ಒದ್ದೆ ಬಟ್ಟೆಯ ಥರ್ಮಾಮೀಟರ್ 48.5. ಎರಡರ ನಡುವಿನ ಅಂತರ ಕಮ್ಮಿಯಿದ್ದಷ್ಟೂ ಗಾಳಿಯಲ್ಲಿ ತೇವ ಹೆಚ್ಚು. ಒದ್ದೆ ಬಟ್ಟೆಯದನ್ನು 47ಕ್ಕೆ ಇಡಬೇಕೆಂದು ಹೇಳಿಟ್ಟಿದ್ದರಿಂದ, ತೇವ ಜಾಸ್ತಿಯಾಯಿತೆಂದು ತಿಳಿದು ಪೆಟ್ಟಿಗೆ ಕಿಂಡಿ ತೆರೆದೇ ಇಟ್ಟಿತ್ತು.

ಚೇಂಬರ್ ನೋಡಿಕೊಳ್ಳುವ ಅಣ್ಣ ಇಪ್ಪತ್ತು ವರ್ಷ ಬಾಯ್ಲರ್ ಮುಂದೆ ಕಳೆದವರು. "ಮೊದ್ಲು ಚೆನ್ನಾಗಿ ಬೇಯಿಸ್ಬೇಕು ಸಾರ್. ಹಬೇಲಿ ಬೇಯಿಸ್ಕಂಡು ಆಮ್ಯಾಕೆ ಒಣಗಿಸಿದ್ರೆ ಸೀಳಲ್ಲ," ಅಂದರು. ಹೇಳಿದ್ದು ಪೂರಾ ಸುಳ್ಳಲ್ಲ. ಭಾರತೀಯ ಮಾನಕ ಐಎಸ್ 1141 ಮರಗಳನ್ನು ಎ, ಬಿ, ಸಿ ಎಂದು ವಿಂಗಡಿಸುವುದೇ ಒಣಗುವಾಗ ಯಾವುದು ಎಷ್ಟು ಬಿರಿಯುತ್ತದೆ ಎನ್ನುವ ಲೆಕ್ಕದ ಮೇಲೆ. ಬಿರುಕಿನ ಭಯದಿಂದ ನೋಡಿದರೆ ಮೊದಲು ತೇವದ ಗಾಳಿ, ಆಮೇಲೆ ಒಣ ಗಾಳಿ ಎನ್ನುವುದು ಸರಿಯಾದ ಕ್ರಮವೇ. ಬಣ್ಣದ ಕಡೆಯಿಂದ ನೋಡಿದರೆ ಅದೇ ಕ್ರಮ ತಲೆಕೆಳಗಾಗುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಆ ಒದ್ದೆ ಬಟ್ಟೆ. ನಾನು ಬಾಗಿಲು ತೆಗೆಸಿ ಒಳಗೆ ಹೋಗಿ ಅದನ್ನು ಮುಟ್ಟಿದೆ. ಹತ್ತಿಬಟ್ಟೆ ಆಗಿರಬೇಕಾದದ್ದು ತೆಂಗಿನ ನಾರಿನ ಹಾಗೆ ಗಡುಸಾಗಿತ್ತು. ಬೋರ್‌ವೆಲ್ ನೀರಿನ ಸುಣ್ಣ ಹೆಪ್ಪುಗಟ್ಟಿ, ಮೇಲೆ ಮರದ ರಸದ ಕಂದು ಲೇಪ. ನೀರು ಹೀರುತ್ತಿರಲಿಲ್ಲ. ಬಟ್ಟೆ ಒದ್ದೆಯಾಗದಿದ್ದರೆ ಅದರ ಥರ್ಮಾಮೀಟರ್ ತಣ್ಣಗಾಗುವುದಿಲ್ಲ, ಒಣ ಥರ್ಮಾಮೀಟರಿನ ಪಕ್ಕಪಕ್ಕದಲ್ಲೇ ನಿಲ್ಲುತ್ತದೆ. ಪೆಟ್ಟಿಗೆಯಂತೂ ಅದರ ಮಾತು ನಂಬಿ ಕಿಂಡಿ ತೆರೆಯುತ್ತದೆ. ಆಚಾರ್ರ ಹಳೆಯ ಪಂಚೆಯ ಒಂದು ತುಂಡು ಒಗೆದು, ಬ್ಯಾಟರಿಗೆ ಹಾಕುವ ನೀರಿನಲ್ಲಿ ನೆನೆಸಿ ಸುತ್ತಿದೆವು. ಕಾಲು ಗಂಟೆಯಲ್ಲಿ 48.5 ಇದ್ದದ್ದು 44ಕ್ಕೆ ಇಳಿಯಿತು. ಪೆಟ್ಟಿಗೆ ತಾನಾಗಿ ಕಿಂಡಿ ಮುಚ್ಚಿತು. ಎಷ್ಟು ತಿಂಗಳಿಂದ ಹೀಗೆ ಹಬೆ ಹೋಗುತ್ತಿತ್ತೋ ಯಾರಿಗೂ ಗೊತ್ತಿರಲಿಲ್ಲ. ಗೌಡರು ಆ ಪಂಚೆ ತುಂಡನ್ನೇ ನೋಡುತ್ತ ನಿಂತುಬಿಟ್ಟರು.

ಇಲ್ಲೊಂದು ಒಗಟು ಉಳಿಯಿತು. ಚೇಂಬರ್‌ನ ಗಾಳಿ ಅವರು ಅಂದುಕೊಂಡಿದ್ದಕ್ಕಿಂತ ಒಣಗಿತ್ತು ಅಂದಮೇಲೆ ಬಣ್ಣ ಯಾಕೆ ಕೆಡಬೇಕು? ಉತ್ತರ ಹಲಗೆ ಪೇರಿಸಿದ ಅಟ್ಟಿಯಲ್ಲೇ ಇತ್ತು. ಹಲಗೆ ಅಟ್ಟಿಗೂ ಛಾವಣಿಗೂ ನಡುವೆ ಎರಡಡಿ ಖಾಲಿ. ಗಾಳಿಗೆ ಸುಲಭದ ದಾರಿ ಸಿಕ್ಕರೆ ಕಷ್ಟದ ದಾರಿಯಲ್ಲಿ ಯಾಕೆ ಹೋದೀತು? ಮೇಲಿಂದ ಹಾರಿ ಸುತ್ತು ಹಾಕಿ ಫ್ಯಾನಿಗೆ ವಾಪಸ್ ಬರುತ್ತಿತ್ತು. ಅಟ್ಟಿಯ ಅಂಚಿನ ಹಲಗೆಗಳು ಬಿರಿದಿದ್ದವು, ನಡುವಿನವು ಬೂದಿಯಾಗಿದ್ದವು. ಒಂದೇ ಕೋಣೆಯಲ್ಲಿ ಎರಡು ವಿರುದ್ಧ ರೋಗ. ಗಾಳಿಯ ವೇಗ ಅಳೆಯುವ ಪುಟ್ಟ ಚಕ್ರವನ್ನು ನಡುವಿನ ಸಂದಿಗೆ ಹಿಡಿದರೆ ಅದು ತಿರುಗಲೇ ಇಲ್ಲ.

ಬಣ್ಣ ಹೋಗುವುದು ಎಲ್ಲಿ

ಬಾಳೆಕಾಯಿ ಹೆಚ್ಚಿ ತಟ್ಟೆಯಲ್ಲಿಟ್ಟು ಮಾತಿಗೆ ಕೂತರೆ ಏನಾಗುತ್ತದೆ ಎಂದು ಪ್ರತಿ ಮನೆಯಲ್ಲೂ ಗೊತ್ತು. ಅದಕ್ಕೇ ಮಜ್ಜಿಗೆ ನೀರಿಗೆ ಹಾಕುತ್ತಾರೆ. ಮರದಲ್ಲೂ ಅದೇ ಬಗೆಯ ಕೆಲಸ ನಡೆಯುತ್ತದೆ. ಕಡಿದ ಮರದ ಹೊರಗಿನ ಬಿಳಿ ಭಾಗದ ಜೀವಕೋಶಗಳು ಕೂಡಲೇ ಸಾಯುವುದಿಲ್ಲ, ಅವುಗಳಲ್ಲಿ ಸಕ್ಕರೆ, ಪಿಷ್ಟ, ಫೀನಾಲ್ ಜಾತಿಯ ವಸ್ತುಗಳಿರುತ್ತವೆ. ತೇವ, ಬೆಚ್ಚನೆ, ಗಾಳಿಯ ಆಮ್ಲಜನಕ ಮೂರೂ ಒಟ್ಟಾದರೆ ಕಿಣ್ವಗಳು ಕೆಲಸ ಶುರುಮಾಡಿ ಬೂದಿ, ಕಂದು ಬಣ್ಣ ಹುಟ್ಟಿಸುತ್ತವೆ. ಹಲಗೆಯ ಮೇಲ್ಮೈ ಬೇಗ ಒಣಗಿಬಿಡುವುದರಿಂದ ಅಲ್ಲಿ ಈ ಕೆಲಸ ನಿಲ್ಲುತ್ತದೆ, ಬೆಳ್ಳಗೆ ಉಳಿಯುತ್ತದೆ. ಒಳಗೆ ನಿಧಾನಕ್ಕೆ ಸಾಗುತ್ತದೆ. ಆಚಾರ್ರ ಮೊದಲ ಸುರುಳಿ ಬೆಳ್ಳಗೆ ಬಂದು ಮೂರನೆಯದು ಬೂದಿಯಾಗಲು ಇದೇ ಕಾರಣ.

ನೀಲಿ ಕಲೆಯ ಕತೆ ಬೇರೆ, ಅದು ಶಿಲೀಂಧ್ರ. ದಿಮ್ಮಿಯ ತುದಿಯಿಂದ, ಕಿರಣರೇಖೆಗಳ ದಾರಿಯಲ್ಲಿ ಮೊಳೆ ಹೊಡೆದ ಹಾಗೆ ಮೊನಚಾಗಿ ಒಳಗಿಳಿಯುತ್ತದೆ. ಮರದ ಬಲಕ್ಕೆ ಹೇಳಿಕೊಳ್ಳುವ ತೊಂದರೆ ಕೊಡುವುದಿಲ್ಲ, ಅಂದ ಮಾತ್ರ ಕೆಡಿಸುತ್ತದೆ. ತೇವಾಂಶ ಶೇ 20ಕ್ಕಿಂತ ಕೆಳಗಿಳಿದರೆ ಬೆಳೆಯಲಾರದು. 20ರಿಂದ 30 ಡಿಗ್ರಿ ಉಷ್ಣತೆ ಅದಕ್ಕೆ ಹಬ್ಬ. ಅಂದರೆ ನಮ್ಮ ಮಲೆನಾಡಿನ ಮಳೆಗಾಲ. ಮೂರನೆಯದು ರೀಪರ್ ಪಟ್ಟೆ: ಹಸಿ ರೀಪರ್ ಕೂತ ಕಡೆ ಹಲಗೆ ಒಣಗದೆ, ಸುತ್ತಲಿನ ಮರಕ್ಕಿಂತ ಹೆಚ್ಚು ದಿನ ತೇವ ಹಿಡಿದು ಬಣ್ಣ ತಿರುಗುವುದು.

ಮೂರಕ್ಕೂ ಔಷಧ ಒಂದೇ: ಹೊರಗಿನ ನೀರನ್ನು ಬೇಗ ತೆಗೆ, ಆದರೆ ಬಿಸಿ ಮಾಡಬೇಡ. ಉತ್ತರ ಅಮೆರಿಕದಲ್ಲಿ ಮೇಪಲ್ ಮರವನ್ನು ಬೆಳ್ಳಗೆ ಉಳಿಸಿಕೊಳ್ಳುವವರು ಪಾಲಿಸುವ ಪದ್ಧತಿ ಇದು: ಮೊದಲ ಹಂತದಲ್ಲಿ ಉಷ್ಣತೆ 43 ಡಿಗ್ರಿ ದಾಟಕೂಡದು, ಗಾಳಿ ಒಣಗಿರಬೇಕು, ಜೋರಾಗಿರಬೇಕು. ಅಲ್ಲಿಯ ಮೇಪಲ್ಲಿಗೂ ಇಲ್ಲಿಯ ಸಿಲ್ವರ್‌ಗೂ ಸಂಬಂಧವಿಲ್ಲ, ತತ್ವ ಮಾತ್ರ ಒಂದೇ.

ಇಷ್ಟು ಹೇಳಿದರೂ ಗೌಡರಿಗೆ ನಂಬಿಕೆ ಬರಲಿಲ್ಲ. ಬಣ್ಣ ಚೇಂಬರ್‌ನಲ್ಲೇ ಹೋಗುವುದು ಎಂದು ಅವರ ಹಟ. ನನಗೆ ಮಿಲ್ಲಿನ ಅಂಗಳದ ಮೇಲೆ ಅನುಮಾನ. ಚೇಂಬರ್ ಒಂದೇ ಇರುವುದರಿಂದ ಕೊಯ್ದ ಹಲಗೆಗಳು ಸರದಿ ಕಾಯುತ್ತ ಎಂಟು ಹತ್ತು ದಿನ ಒಂದರ ಮೇಲೊಂದು ಒತ್ತಾಗಿ, ಮೇಲೆ ಟಾರ್ಪಲ್ ಹೊದ್ದುಕೊಂಡು ಮಲಗಿರುತ್ತಿದ್ದವು. ಮಳೆಗೆ ನೆನೆಯದಿರಲಿ ಎಂಬ ಕಾಳಜಿ. ಕೈ ತೂರಿಸಿದರೆ ಒಳಗೆ ಬಾಣಂತಿ ಕೋಣೆಯ ಹಾಗೆ ಬೆಚ್ಚಗೆ, ಹುಳಿ ವಾಸನೆ.

ಒಂದು ದಿಮ್ಮಿಯಿಂದ ಅಕ್ಕಪಕ್ಕದ ಹಲಗೆಗಳನ್ನು ಜೋಡಿ ಜೋಡಿಯಾಗಿ ತೆಗೆದೆವು. ಜೋಡಿಯಲ್ಲಿ ಒಂದನ್ನು ಕೊಯ್ದ ದಿನವೇ ಒಣ ರೀಪರ್ ಇಟ್ಟು, ಷೆಡ್ಡಿನ ಒಳಗೆ ಒಂದು ಪೆಡೆಸ್ಟಲ್ ಫ್ಯಾನಿನ ಮುಂದೆ ಜೋಡಿಸಿದೆವು. ಇನ್ನೊಂದು ಟಾರ್ಪಲ್ ಕೆಳಗೆ ಎಂಟು ದಿನ. ಆಮೇಲೆ ಎರಡನ್ನೂ ಒಂದೇ ಬ್ಯಾಚಿನಲ್ಲಿ, ಒಂದೇ ಸಾಲಿನಲ್ಲಿ ಒಣಗಿಸಿದೆವು. ಹತ್ತರಿ ಹೊಡೆಯುವ ದಿನ ಆಚಾರ್ರಿಗೆ ಯಾವುದು ಯಾವುದೆಂದು ಹೇಳಿರಲಿಲ್ಲ. ಅವರೇ ಎರಡು ರಾಶಿ ಮಾಡಿದರು. ಟಾರ್ಪಲ್ ಹಲಗೆಗಳೆಲ್ಲ ಬೂದಿ ರಾಶಿಗೆ ಹೋದವು. ಫ್ಯಾನಿನ ಮುಂದಿನವುಗಳಲ್ಲಿ ಎರಡು ಮಾತ್ರ ಆ ರಾಶಿಗೆ ಹೋದವು. ಅವೆರಡೂ ದಿಮ್ಮಿಯ ತುದಿಯ ಕಡೆಯವು. ತೋಟದಲ್ಲೇ ನೀಲಿ ಹಿಡಿದಿದ್ದವು.

ಶಾಖದ ಲೆಕ್ಕ

ಮರದ ತೇವಾಂಶವನ್ನು ಒಣಮರದ ತೂಕದ ಮೇಲೆ ಲೆಕ್ಕ ಹಾಕುತ್ತಾರೆ. ಸಣ್ಣ ತುಂಡು ಕತ್ತರಿಸಿ ತೂಗಿ, 103 ಡಿಗ್ರಿಯಲ್ಲಿ ತೂಕ ಇಳಿಯುವುದು ನಿಲ್ಲುವ ತನಕ ಒಲೆಯಲ್ಲಿಟ್ಟು ಮತ್ತೆ ತೂಗುವುದು. ಗೌಡರ ಮನೆಯಿಂದ ಕೇಕ್ ಸುಡುವ ಓಟಿಜಿ ತರಿಸಿದೆವು. (ಅದನ್ನು ಅಡುಗೆಮನೆಗೆ ವಾಪಸ್ ಸೇರಿಸಲು ಅವರ ಮನೆಯವರು ಒಪ್ಪಲಿಲ್ಲ, ಈಗ ಅದು ಮಿಲ್ಲಿನ ಆಸ್ತಿ.) ಸೂಜಿ ಚುಚ್ಚುವ ಮೀಟರ್ ಅವರಲ್ಲಿತ್ತು. ಆದರೆ ಶೇ 30ರ ಮೇಲೆ ಅದು ಹೇಳುವುದನ್ನು ನೆಚ್ಚುವ ಹಾಗಿಲ್ಲ.

ನಮ್ಮ ತುಂಡುಗಳು ಹಸಿಯಲ್ಲಿ ಶೇ 80ರ ಆಸುಪಾಸು. ಒಂದು ಘನಮೀಟರಿನಲ್ಲಿ ಒಣಮರ 500 ಕಿಲೋ ಎಂದು ಹಿಡಿದರೆ ನೀರು 400 ಕಿಲೋ. ಶೇ 12ಕ್ಕೆ ಇಳಿಸಿದಾಗ ಉಳಿಯುವುದು 60. ತೆಗೆಯಬೇಕಾದದ್ದು 340. ಹತ್ತು ಘನಮೀಟರಿಗೆ 3,400 ಲೀಟರ್ ನೀರು. ಒಂದು ಹಳ್ಳಿ ಮನೆಯ ನೀರಿನ ತೊಟ್ಟಿಯಷ್ಟು ನೀರನ್ನು ಹಲಗೆಯೊಳಗಿಂದ ಹೊರಡಿಸಬೇಕು. 40 ಡಿಗ್ರಿಯ ಸುಮಾರಿಗೆ ಒಂದು ಲೀಟರ್ ನೀರು ಆವಿಯಾಗಲು 2.4 ಮೆಗಾಜೂಲ್ ಶಾಖ ಬೇಕು. ಎಲ್ಲ ಸೇರಿ 8,160 ಮೆಗಾಜೂಲ್, ಕರೆಂಟಿನ ಭಾಷೆಯಲ್ಲಿ 2,270 ಯೂನಿಟ್. ಇದು ಪ್ರಕೃತಿ ಹಾಕುವ ತೆರಿಗೆ, ಇದರಲ್ಲಿ ವಿನಾಯಿತಿ ಇಲ್ಲ. ಗೋಡೆ, ಕಿಂಡಿ, ಬಾಯ್ಲರಿನ ನಷ್ಟ ಇದರ ಮೇಲೆ.

ಫ್ಯಾನಿನ ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯ. 3 ಎಚ್‌ಪಿ ಅಂದರೆ 2.2 ಕಿಲೋವಾಟ್, ಮೂರು ಸೇರಿ 6.6. ಹನ್ನೆರಡು ದಿನ ನಿಲ್ಲದೆ ಓಡಿದರೆ 1,900 ಯೂನಿಟ್. ನೀರು ಆವಿಯಾಗಲು ಬೇಕಾದ ಶಾಖಕ್ಕೆ ಹತ್ತಿರ ಹತ್ತಿರ! ಶಾಖ ಬರುವುದು ಮಿಲ್ಲಿನ ಬೇಡದ ಸೀಳುಗಳಿಂದ, ಈ ಯೂನಿಟ್ಟುಗಳಿಗೆ ತಿಂಗಳು ತಿಂಗಳು ದುಡ್ಡು ಎಣಿಸಬೇಕು. ಸೌದೆ ಕಣ್ಣಿಗೆ ಕಾಣುತ್ತದೆ, ಗಾಡಿಯಲ್ಲಿ ಬರುತ್ತದೆ, ಆದ್ದರಿಂದ ಎಲ್ಲರ ಸಂಕಟ ಸೌದೆಯ ಮೇಲೆ. ಫ್ಯಾನು ಸದ್ದಿಲ್ಲದೆ ತಿನ್ನುತ್ತಿತ್ತು.

ಇಲ್ಲಿ ಮರದ ಒಂದು ಗುಣ ತಿಳಿದಿರಬೇಕು. ಒಗೆದ ಪಂಚೆಯನ್ನು ನೆನೆಯಿರಿ: ಹಿಂಡಿದರೆ ಸುರಿಯುವ ನೀರು ಒಂದು, ಹಿಂಡಿದ ಮೇಲೂ ಎಳೆಯೊಳಗೆ ಉಳಿಯುವ ತೇವ ಇನ್ನೊಂದು. ಮರದಲ್ಲಿ ಕೋಶಗಳ ಟೊಳ್ಳಿನ ನೀರು ಮುಗಿದು ಗೋಡೆಯ ತೇವ ಮಾತ್ರ ಉಳಿಯುವ ಗಡಿ ಶೇ 28–30. ಆ ಗಡಿಯ ಮೇಲಿರುವಾಗ ಹಲಗೆಯ ಮೈಗೆ ನೀರು ಧಾರಾಳವಾಗಿ ಬರುತ್ತಿರುತ್ತದೆ, ಗಾಳಿ ಜೋರಾದಷ್ಟೂ ಬೇಗ ಒಣಗುತ್ತದೆ. ಗಡಿ ದಾಟಿದ ಮೇಲೆ ತೇವ ಒಳಗಿಂದ ಜಿನುಗಿ ಬರಬೇಕು. ಹೊರಗೆ ಬಿರುಗಾಳಿಯೇ ಬೀಸಲಿ, ಅದು ತನ್ನ ಪಾಡಿಗೆ ತಾನು ಬರುತ್ತದೆ. ಆಗ ಬೇಕಾದದ್ದು ಶಾಖ. ಬಣ್ಣ ಕೆಡಿಸುವ ಆಟವೂ ಬಹುಪಾಲು ಈ ಗಡಿಯ ಮೇಲೇ ಮುಗಿದಿರುತ್ತದೆ. ಆದ್ದರಿಂದ ತೇವಾಂಶ ಗಡಿಯ ಮೇಲಿರುವಾಗ ತಂಪು ಮತ್ತು ಜೋರು ಗಾಳಿ, ಕೆಳಗಿಳಿದ ಮೇಲೆ ಶಾಖ ಮತ್ತು ಮೆಲುಗಾಳಿ.

ಫ್ಯಾನಿನ ವೇಗ ಇಳಿಸಿದರೆ ಕರೆಂಟು ಅದೇ ಪ್ರಮಾಣದಲ್ಲಿ ಅಲ್ಲ, ವೇಗದ ಘನದ ಪ್ರಮಾಣದಲ್ಲಿ ಇಳಿಯುತ್ತದೆ. 50 ಹರ್ಟ್ಸ್‌ನಿಂದ 35ಕ್ಕೆ ತಂದರೆ ವೇಗ ಶೇ 70, ಕರೆಂಟು ಶೇ 34. ಮೋಟಾರಿನ ವೇಗ ಏರಿಸಿ ಇಳಿಸುವ ಒಂದು ವಿಎಫ್‌ಡಿ ಪೆಟ್ಟಿಗೆ ಸಾಕು. ಮೊದಲ ಐದು ದಿನ ಪೂರ್ತಿ ವೇಗ, ಆಮೇಲೆ ಎಂಟು ದಿನ 35 ಹರ್ಟ್ಸ್ ಎಂದಿಟ್ಟರೆ ಕಾಗದದ ಮೇಲೆ 1,230 ಯೂನಿಟ್ ಬಂತು. ಮೀಟರಿನಲ್ಲಿ 1,300 ಮುಟ್ಟಿತು, ಪೆಟ್ಟಿಗೆಯೂ ತನ್ನ ಪಾಲು ತಿನ್ನುತ್ತದಲ್ಲ.

ಮಾಡಿದ್ದು, ಕೆಟ್ಟದ್ದು, ಸರಿಮಾಡಿದ್ದು

ಅಟ್ಟಿಯ ಮೇಲಿನ ಖಾಲಿ ಜಾಗಕ್ಕೆ ಛಾವಣಿಯಿಂದ ಹಳೆಯ ಟಾರ್ಪಲ್ ಇಳಿಬಿಟ್ಟು, ತುದಿಗೆ ಕಬ್ಬಿಣದ ಸರಳು ಕಟ್ಟಿದೆವು. ಬದಿಗಳಲ್ಲಿ ಪ್ಲೈವುಡ್ ತುಂಡು. ಇಡೀ ಪ್ರಕರಣದಲ್ಲಿ ಅತ್ಯಂತ ಅಗ್ಗದ ಕೆಲಸ ಇದು, ಅತ್ಯಂತ ಹೆಚ್ಚು ಫಲ ಕೊಟ್ಟದ್ದೂ ಇದೇ. ನಡುವಿನ ಸಂದಿಯಲ್ಲಿ ಗಾಳಿಚಕ್ರ ಗಿರ್ರನೆ ತಿರುಗಿತು. ಮರುದಿನ ಬೆಳಿಗ್ಗೆ ಚೇಂಬರ್ ಅಣ್ಣನೇ ಫೋನ್ ಮಾಡಿ, "ಸಾರ್, ಈಗ ಎರಡೂ ಕಡೆ ಒಂದೇ ಹಂಗೆ ಒಣಗ್ತಾ ಐತೆ," ಅಂದರು.

ಹಸಿ ಸಿಲ್ವರ್‌ನ ಎರಡಿಂಚಿನ ರೀಪರುಗಳನ್ನು ಒಲೆಗೆ ಹಾಕಿಸಿ, ಒಣಗಿಸಿದ ಒಂದಿಂಚಿನವನ್ನು ಮಾಡಿಸಿದೆವು. ಕೊಯ್ದ ಹಲಗೆ ಅದೇ ದಿನ ರೀಪರ್ ಮೇಲೆ ಏರಬೇಕು ಎನ್ನುವ ಕಟ್ಟಳೆ ಬಂತು. ಸರದಿ ಕಾಯುವ ಷೆಡ್ಡಿಗೆ ಎರಡು ದೊಡ್ಡ ಫ್ಯಾನು.

ಯಾವ ಹಂತಕ್ಕೆ ಎಷ್ಟು ಶಾಖ, ಎಷ್ಟು ತೇವ ಎನ್ನುವ ಹೊಸ ಶೆಡ್ಯೂಲಿನ ಮೊದಲ ಬ್ಯಾಚು ಮಾತ್ರ ನನ್ನ ತಪ್ಪಿನಿಂದ ಹಾಳಾಯಿತು. ಒಣ 40, ಒದ್ದೆ 30 ಎಂದು ಬರೆದುಕೊಟ್ಟೆ. ಅಂದರೆ ಸಾಪೇಕ್ಷ ಆರ್ದ್ರತೆ ಶೇ 50ಕ್ಕೂ ಕಡಿಮೆ. ಬಣ್ಣ ಬಹಳ ಚೆನ್ನಾಗಿ ಬಂತು. ಆದರೆ ಕಿರಣರೇಖೆಗಳ ಉದ್ದಕ್ಕೂ ಕೂದಲೆಳೆಯಂಥ ಬಿರುಕುಗಳು. ಸಿಲ್ವರ್‌ನಲ್ಲಿ ಅಂದ ಕೊಡುವ ರೇಖೆಯೇ ಬಿರಿಯುವ ಜಾಗ ಕೂಡ. "ಬೇಯಿಸ್ಬೇಕು ಅಂದಿದ್ನಲ್ಲಾ ಸಾರ್," ಅಂತ ಅಣ್ಣ ಒಂದು ಮಾತು ಅಂದರು, ನಾನು ಕೇಳಿಸಿಕೊಂಡೆ. ಎರಡನೆಯ ಬ್ಯಾಚಿಗೆ ಒದ್ದೆಯನ್ನು 34ಕ್ಕೆ ಏರಿಸಿದೆವು, ಆರ್ದ್ರತೆ ಶೇ 66ರ ಸುಮಾರು. ಹಲಗೆಯ ತೇವಾಂಶ ಶೇ 30 ತಲುಪುವ ತನಕ ಅಲ್ಲೇ. ಆಮೇಲೆ ಒಣ ಉಷ್ಣತೆ 45, 50, ಕೊನೆಗೆ 55. ಒಟ್ಟು 13 ದಿನ. ಮೊದಲಿಗಿಂತ ಒಂದು ದಿನ ಜಾಸ್ತಿ. ಗೌಡರ ತಮ್ಮನಿಗೆ ಇದು ಇಷ್ಟವಾಗಲಿಲ್ಲ. ಆದರೆ ವಾಪಸ್ ಬರುವ ಲೋಡಿನ ಬಾಡಿಗೆ ಕಟ್ಟಿದ್ದವರೂ ಅವರೇ.

ಬಾಯ್ಲರಿಗೆ ಹಾಕುತ್ತಿದ್ದ ಸೌದೆಯದು ಇನ್ನೊಂದು ಕತೆ. ಗರಗಸದಿಂದ ಬಿದ್ದ ಹಸಿ ಸೀಳು ನೇರ ಒಲೆಗೆ ಹೋಗುತ್ತಿತ್ತು. ತೂಕದಲ್ಲಿ ಅರ್ಧ ನೀರಿರುವ ಸೌದೆಯಿಂದ ಕಿಲೋಗೆ 8 ಮೆಗಾಜೂಲ್ ಸಿಕ್ಕರೆ ಹೆಚ್ಚು. ಅದನ್ನೇ ಶೇ 20 ನೀರಿನ ತನಕ ಒಣಗಿಸಿದರೆ 14ರ ಮೇಲೆ. ಮರ ಒಣಗಿಸುವವರು ಸೌದೆ ಒಣಗಿಸುತ್ತಿರಲಿಲ್ಲ! ಬಾಯ್ಲರಿನ ಹಿಂಬದಿಯ ಬಿಸಿ ಗೋಡೆಗೆ ಒಂದು ತಗಡಿನ ಚಪ್ಪರ ಇಳಿಸಿ ಅಲ್ಲಿ ಒಟ್ಟಿದೆವು. ಮೊದಲು ಒಂದು ಬ್ಯಾಚಿಗೆ ನಾಲ್ಕು ಟನ್ ಹಸಿ ಸೌದೆ ಹೋಗುತ್ತಿತ್ತು, ಈಗ 1.7 ಟನ್ ಒಣ ಸೌದೆ. ಅರ್ಧಕ್ಕಿಂತ ಕೆಳಗೆ ಬಂತು ಎಂದು ಗೌಡರು ಎಲ್ಲರಿಗೂ ಹೇಳಿಕೊಂಡು ತಿರುಗಿದರು. ನಾನು ಒಪ್ಪುವುದಿಲ್ಲ. ನಾಲ್ಕು ಟನ್ನಿನಲ್ಲಿ ಎರಡು ಟನ್ ನೀರೇ. ಎರಡೂ ಕಡೆ ನೀರು ಕಳೆದು ನೋಡಿದರೆ 2 ಟನ್ ಇದ್ದದ್ದು 1.36 ಆಗಿದೆ. ಉಳಿತಾಯ ಮೂರರಲ್ಲಿ ಒಂದು ಪಾಲು. ಅದೇನೂ ಸಣ್ಣದಲ್ಲ, ಆದರೆ ಅರ್ಧವಲ್ಲ.

ಬಿಸಿ ಗಾಳಿಯಿಂದಲೇ ನೀರು ಹಿಂಡಿ ಶಾಖವನ್ನು ವಾಪಸ್ ಒಳಗೆ ಬಿಡುವ ಹೀಟ್ ಪಂಪ್ ಯಂತ್ರದ ಬಗ್ಗೆಯೂ ಮಾತಾಯಿತು. ತಂಪಿನಲ್ಲೇ ಒಣಗಿಸುವುದರಿಂದ ಬಣ್ಣಕ್ಕೆ ಅದು ಹೇಳಿ ಮಾಡಿಸಿದ್ದು. ಆದರೆ ಸೌದೆ ಬಿಟ್ಟಿ ಸಿಗುವ ಸಾಮಿಲ್ಲಿನಲ್ಲಿ ಇಡೀ ಶಾಖವನ್ನು ಕರೆಂಟಿಗೆ ಬದಲಾಯಿಸುವುದು, ಅದೂ ಮಳೆಗಾಲದಲ್ಲಿ ಆಗಾಗ ಲೈನು ಹೋಗುವ ಕಡೆ, ನನಗೆ ಸರಿಕಾಣಲಿಲ್ಲ. ಬೇಡ ಅಂದೆ.

ಅರಸೀಕೆರೆಯ ಗಾಳಿ

ಹಾಸನ ಜಿಲ್ಲೆಯ ಒಂದು ವಿಚಿತ್ರವೆಂದರೆ ಪಡುವಣದ ಸಕಲೇಶಪುರದಲ್ಲಿ ಜುಲೈನಲ್ಲಿ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ, ಮೂಡಣದ ಅರಸೀಕೆರೆಯಲ್ಲಿ ಮಳೆಗೆ ಕಾಯುತ್ತಿರುತ್ತಾರೆ. ಹಾಸನ ನಡುವೆ, ಎರಡಕ್ಕೂ ಸುಮಾರು 40 ಕಿಲೋಮೀಟರ್.

ಇದು ಶಾಖದ ಲೆಕ್ಕದಲ್ಲೂ ಕಾಣುತ್ತದೆ. ಮಳೆಗಾಲದ 22 ಡಿಗ್ರಿಯ, ಶೇ 95 ತೇವದ ಗಾಳಿಯನ್ನು 40ಕ್ಕೆ ಕಾಯಿಸಿದರೆ ಅದರ ಆರ್ದ್ರತೆ ಶೇ 34ಕ್ಕೆ ಬೀಳುತ್ತದೆ, ಅಂದರೆ ಮಳೆಗಾಲದಲ್ಲೂ ಒಣಗಿಸಬಹುದು. ಆದರೆ ಒಂದು ಲೀಟರ್ ನೀರನ್ನು ಕಿಂಡಿಯಿಂದ ಹೊರಹಾಕಲು, ಅದಕ್ಕೆ ಬೇಕಾದ ಹೊರಗಾಳಿ ಕಾಯಿಸುವುದಕ್ಕೇ ಸುಮಾರು 1 ಮೆಗಾಜೂಲ್ ಹೆಚ್ಚುವರಿ ಬೇಕು. ಬೇಸಿಗೆ ಹಗಲಿನ 32 ಡಿಗ್ರಿಯ, ಶೇ 35 ತೇವದ ಗಾಳಿಗೆ ಅದರ ಮೂರನೇ ಒಂದು ಪಾಲು ಸಾಕು.

ಕಾಫಿ ಕುಯ್ಲು, ಮೆಣಸು ಕುಯ್ಲು ಮುಗಿಸಿ ತೋಟದವರು ಸಿಲ್ವರ್ ಕಡಿಸುವುದು ಹೇಗೂ ಹೆಚ್ಚಾಗಿ ಬೇಸಿಗೆಯಲ್ಲಿ. ಗೌಡರ ಭಾವಮೈದನ ತೆಂಗಿನ ತೋಟ ಅರಸೀಕೆರೆ ಹತ್ತಿರ, ಅಲ್ಲಿ ಕೊಬ್ಬರಿ ಅಟ್ಟದ ಪಕ್ಕ ಉದ್ದನೆಯ ಷೆಡ್ಡು ಖಾಲಿ. ಇಡೀ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಉಂಡೆಕೊಬ್ಬರಿ ಮಾಡುವ ಜನ ಅವರು, ಒಣಗಿಸುವುದು ಅವರಿಗೆ ಹೇಳಿಕೊಡಬೇಕಾಗಿಲ್ಲ. ಫೆಬ್ರುವರಿಯಲ್ಲಿ ಒಂದು ಲೋಡು ಕಳಿಸಿದೆವು. ಐದು ವಾರದಲ್ಲಿ ಶೇ 25ಕ್ಕೆ ಬಂತು. ಘನಮೀಟರಿಗೆ 340 ಕಿಲೋದಲ್ಲಿ 275 ಕಿಲೋ ನೀರನ್ನು ಗಾಳಿಯೇ ತೆಗೆದಿತ್ತು. ಉಳಿದದ್ದಕ್ಕೆ ಚೇಂಬರ್‌ನಲ್ಲಿ ಐದು ದಿನ, 600 ಕಿಲೋ ಸೌದೆ. ಹಾಸನದಿಂದ ಹೋಗಿಬರಲು ಲಾರಿಗೆ 20 ಲೀಟರ್ ಡೀಸೆಲ್ ಹಿಡಿದರೂ ಅದರ ಶಾಖ 700 ಮೆಗಾಜೂಲ್ ಚಿಲ್ಲರೆ. ಗಾಳಿ ತೆಗೆದ ನೀರಿನ ಲೆಕ್ಕವೇ 6,600. ದುಡ್ಡಿನ ಲೆಕ್ಕ ಅಷ್ಟು ಸುಲಭವಲ್ಲ. ಡೀಸೆಲ್ ಕೊಳ್ಳಬೇಕು, ಸೀಳು ಬಿಟ್ಟಿ, ಹತ್ತುಸು ಇಳಿಸು ಕೂಲಿ ಎರಡು ಸಲ. ಆದರೂ ಮೂರು ಬ್ಯಾಚಿನ ಜಾಗದಲ್ಲಿ ಏಳು ಬ್ಯಾಚು ತೆಗೆಯಲು ಚೇಂಬರ್ ಖಾಲಿ ಸಿಕ್ಕಿದ್ದೇ ಗೌಡರಿಗೆ ದೊಡ್ಡ ಲಾಭ.

ಬಣ್ಣ? ಬಯಲುಸೀಮೆಯ ಒಣಗಾಳಿಯಲ್ಲಿ ನೀಲಿ ಕಲೆಗೆ ಪುರುಸೊತ್ತೇ ಸಿಗಲಿಲ್ಲ. ತೊಂದರೆ ಬಂದದ್ದು ಇನ್ನೊಂದು ಕಡೆಯಿಂದ. ಮಾರ್ಚ್ ಬಿಸಿಲಿನ ಗಾಳಿಗೆ ಹಲಗೆಯ ತುದಿಗಳು ಅರ್ಧ ಅಡಿ ತನಕ ಸೀಳಿದವು. ಬಿಸಿಲು ನೇರ ಬಿದ್ದ ಮೇಲಿನ ಸಾಲು ಕಂದಾಯಿತು. ಮುಂದಿನ ಲೋಡಿಗೆ ತುದಿಗಳಿಗೆ ದಪ್ಪ ಪೇಂಟು ಬಳಿಸಿ, ಪಡುವಣ ಬದಿಗೆ ನರ್ಸರಿಯವರು ಕಟ್ಟುವ ಹಸಿರು ಬಲೆ ಕಟ್ಟಿಸಿದೆವು. ಸೀಳು ಎರಡು ಮೂರು ಇಂಚಿಗೆ ನಿಂತಿತು.

ಬಗೆಹರಿಯದ್ದು

ಮಳೆಗಾಲದ ದಿಮ್ಮಿ. ಜೂನ್ ಆದಮೇಲೆ ತೋಟದ ಒಳದಾರಿಗೆ ಲಾರಿ ಇಳಿಯುವುದಿಲ್ಲ, ಕಡಿದ ಮರ ಮೂರು ನಾಲ್ಕು ವಾರ ಕೆಸರಿನಲ್ಲಿ ಬಿದ್ದಿರುತ್ತದೆ. ಅಷ್ಟರಲ್ಲಿ ತುದಿಯಿಂದ ಗೇಣುದ್ದ ನೀಲಿ ಇಳಿದಿರುತ್ತದೆ. ಚೇಂಬರ್‌ನಲ್ಲಿ ಏನೇ ಮಾಡಿದರೂ ಅದು ಹೋಗುವುದಿಲ್ಲ. ಮಿಲ್ಲಿಗೆ ಬಂದ ದಿನವೇ ದಿಮ್ಮಿಯ ತುದಿಗೆ ಒಂದು ಕೊಯ್ತ ಕೊಟ್ಟು ನೋಡಿ, ನೀಲಿ ಕಂಡರೆ ಸುಣ್ಣದಿಂದ 'ಪೆ' ಎಂದು ಬರೆಯುತ್ತಾರೆ, ಪೆಟ್ಟಿಗೆಗೆ ಹೋಗುವ ಮರ ಅಂತ. ಅದಕ್ಕೆ ನಿಧಾನದ ಶೆಡ್ಯೂಲೂ ಇಲ್ಲ, ಹೊಸ ರೀಪರೂ ಇಲ್ಲ. ಕಳೆದ ಆಗಸ್ಟಿನಲ್ಲಿ ಹೋದಾಗ ಅಂಗಳದಲ್ಲಿ ಐದರಲ್ಲಿ ಎರಡು ದಿಮ್ಮಿಯ ಮೇಲೆ ಆ ಅಕ್ಷರವಿತ್ತು.

ಒದ್ದೆ ಬಟ್ಟೆಯನ್ನು ಪ್ರತಿ ಬ್ಯಾಚಿಗೂ ಬದಲಿಸುತ್ತಾರೆ. ಚೇಂಬರ್ ಅಣ್ಣ ಹಳೆಯ ಬಟ್ಟೆಗಳನ್ನು ಬಿಸಾಡುವುದಿಲ್ಲ, ತಾರೀಕು ಬರೆದು ನಿಯಂತ್ರಣ ಪೆಟ್ಟಿಗೆಯ ಪಕ್ಕದ ತಂತಿಗೆ ಸಿಕ್ಕಿಸಿಡುತ್ತಾರೆ. ಯಾಕೆ ಅಂದರೆ, "ಎಷ್ಟು ದಿನಕ್ಕೆ ಗಟ್ಟಿ ಆಯ್ತದೆ ಅಂತ ನೋಡ್ಬೇಕಲ್ಲಾ ಸಾರ್" ಅಂದರು. ಬೋರ್‌ವೆಲ್ ನೀರಿಗೆ ಒಂಬತ್ತು ದಿನ, ಬ್ಯಾಟರಿ ನೀರಿಗೆ ಇನ್ನೂ ಆಗಿಲ್ಲ.